ಅಪ್ಲಿಕೇಶನ್ ಸರ್ವರ್ ಪುಸ್ತಕ ಕೊಳ್ಳುವ ಮುಂಚೆ

ಕಳೆದ ವರ್ಷ ಜುಲೈ ತಿಂಗಳಲ್ಲಿ ಅಮ್ಮಿಯ ಚೀಟಿ ದುಡ್ಡಿನಲ್ಲಿ 350 ರೂಪಾಯಿ ಕೊಟ್ಟು ನಾನು ಒಂದು ತಪ್ಪು ಪುಸ್ತಕ ತಂದೆ. ಅದು ನನಗಾಗಿ ಅಲ್ಲ, ನನ್ನ ಬಾಜಿಗಾಗಿ. ಬಾಜಿ ಬಿಸಿಎ ಮುಗಿಸಿ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಯಲ್ಲಿ ಫೋನ್ ತೆಗೆಯುವ ಕೆಲಸ ಮಾಡುತ್ತಿದ್ದಳು. ಬೆಳಗಿನ ಜಾವ ನಾಲ್ಕಕ್ಕೆ ಅವಳ ಕ್ಯಾಬ್ ಲಿಂಗರಾಜಪುರದ ಫ್ಲೈಓವರ್ ಇಳಿದು ನಮ್ಮ ಗಲ್ಲಿಗೆ ಬರುವವರೆಗೂ ಅಮ್ಮಿ ಮಲಗುತ್ತಿರಲಿಲ್ಲ. ಅದೇ ಕಂಪನಿಯಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡದಲ್ಲಿ ಹಗಲು ಪಾಳಿಯ ಒಂದು ಜಾಗ ಖಾಲಿ ಆಯಿತು. “20 ದಿನ ಆದಮೇಲೆ ಕೂರಿಸಿ ಪ್ರಶ್ನೆ ಕೇಳುತ್ತೇವೆ, ಅಷ್ಟರಲ್ಲಿ ಆ್ಯಪ್ ಸರ್ವರ್ ಅಂದರೆ ಏನು ಅಂತ ಓದಿಕೊಂಡು ಬಾ” ಎಂದು ಅಲ್ಲಿಯ ಹಿರಿಯರೊಬ್ಬರು ಹೇಳಿದರಂತೆ. ಬಾಜಿಗೆ ಹಗಲೆಲ್ಲ ನಿದ್ದೆ. ಹಾಗಾಗಿ ಪುಸ್ತಕ ತರುವ ಕೆಲಸ ನನಗೆ ಬಂತು. ಅಮ್ಮಿ 600 ರೂಪಾಯಿ ಕೊಟ್ಟರು.

ಶನಿವಾರ ಕಾಲೇಜು ಮುಗಿಸಿ ಶಿವಾಜಿನಗರಕ್ಕೆ ಒಂದು ಬಸ್ಸು, ಅಲ್ಲಿಂದ ಮಾರ್ಕೆಟ್‌ಗೆ ಇನ್ನೊಂದು ಬಸ್ಸು ಹಿಡಿದು ಅವೆನ್ಯೂ ರೋಡಿಗೆ ಹೋದೆ. ನಮ್ಮ ಅಕೌಂಟೆನ್ಸಿ ಗೈಡ್‌ಗಳನ್ನೂ ಅಲ್ಲಿಂದಲೇ ತರುವುದು. “ಜಾವಾ ಅಪ್ಲಿಕೇಶನ್ ಸರ್ವರ್ ಪುಸ್ತಕ ಬೇಕು” ಎಂದೆ. ಅಂಗಡಿಯವರು ಅಟ್ಟದಿಂದ ಇಟ್ಟಿಗೆಯಂಥ ಒಂದು ಪುಸ್ತಕ ಇಳಿಸಿದರು. ಸಾವಿರ ಪುಟ ಇತ್ತು. ಎಷ್ಟು ದಪ್ಪವೋ ಅಷ್ಟು ಒಳ್ಳೆಯದು ಎಂದು ನಾನು ಲೆಕ್ಕ ಹಾಕಿದೆ. ಒಳಗೆ ಅಚ್ಚಾದ ವರ್ಷ 2002 ಎಂದಿತ್ತು. ನಾನು ಅದನ್ನು ನೋಡಲೇ ಇಲ್ಲ. ನೋಡಿದ್ದರೂ ಅರ್ಥ ಆಗುತ್ತಿರಲಿಲ್ಲ.

ಎರಡು ರಾತ್ರಿ ಬಾಜಿ ರಜೆ ಹಾಕಿ ಕುಳಿತಳು. ಪುಸ್ತಕದಲ್ಲಿ ಹೇಳಿದ ಸರ್ವರ್‌ನ ಆ ಆವೃತ್ತಿ ಎಲ್ಲೂ ಸಿಗಲಿಲ್ಲ. ಹೊಸದನ್ನು ಹಾಕಿಕೊಂಡರೆ ಪುಸ್ತಕ ಹೇಳುವ ಫೋಲ್ಡರ್ ಅದರಲ್ಲಿಲ್ಲ. ಒಂದು ಸಣ್ಣ ಪ್ರೋಗ್ರಾಮಿಗೆ ನಾಲ್ಕು ಕಡತ ಬರೆಯಬೇಕು ಎನ್ನುತ್ತದೆ, ಬರೆದರೆ ಪರದೆ ತುಂಬ ಕೆಂಪು ಅಕ್ಷರ. ಬಾಜಿ ತನ್ನ ತಲೆಗೇ ಹತ್ತುತ್ತಿಲ್ಲ ಎಂದುಕೊಂಡು ಅತ್ತಳು. ತಲೆಯದೇನೂ ತಪ್ಪಿರಲಿಲ್ಲ, ಪುಸ್ತಕವೇ ಬೇರೆ ಕಾಲದ್ದು. ಇದು ನಮಗೆ ತಿಳಿಯುವಷ್ಟರಲ್ಲಿ 20ರಲ್ಲಿ ನಾಲ್ಕು ದಿನ ಹೋಗಿತ್ತು.

ನಮ್ಮ ಕಾಲೇಜಿನಿಂದ ಬಿಸಿಎ, ಬಿಕಾಂಗೆ ಹೋಗುವವರು ಬಹಳ ಇದ್ದಾರೆ. ನಾಳೆ ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಪುಸ್ತಕ ಹುಡುಕಬೇಕಾಗಬಹುದು. ಆಮೇಲೆ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ಸೈನ್ಸ್ ವಿದ್ಯಾರ್ಥಿ ಅಲ್ಲ, ತಪ್ಪಿದ್ದರೆ ಕಂಪ್ಯೂಟರ್ ವಿಭಾಗದ ಸರ್ ತಿದ್ದಲಿ.

ಮೊದಲು ಈ ಅಪ್ಲಿಕೇಶನ್ ಸರ್ವರ್ ಅಂದರೇನು? ನಾನು ಇದನ್ನು ಅರ್ಥ ಮಾಡಿಕೊಂಡದ್ದು ಶಾದಿ ಮಹಲ್ ನೆನೆಸಿಕೊಂಡು. ಮದುವೆ ನಮ್ಮದು. ಹುಡುಗ, ಹುಡುಗಿ, ನೆಂಟರು, ಯಾವ ಬಿರಿಯಾನಿ ಅನ್ನುವುದು ಎಲ್ಲ ನಮ್ಮದು. ಆದರೆ ವೇದಿಕೆ, ಕುರ್ಚಿ, ನೀರು, ಜನರೇಟರ್, ಬಾಗಿಲಲ್ಲಿ ವಾಚ್‌ಮನ್, ಅಡುಗೆ ಪಾತ್ರೆ ಇವೆಲ್ಲ ಪ್ರತಿ ಮದುವೆಗೂ ಬೇಕು, ಎಲ್ಲ ಮದುವೆಯಲ್ಲೂ ಒಂದೇ ಥರ. ಇವನ್ನು ಪ್ರತಿ ಮನೆಯವರೂ ಹೊಸದಾಗಿ ಕೊಳ್ಳುವುದಿಲ್ಲ, ಮಹಲ್‌ನವರು ಕೊಡುತ್ತಾರೆ. ಹಾಗೆಯೇ ಬ್ಯಾಂಕಿನ ಪ್ರೋಗ್ರಾಮ್ ಬರೆಯುವವರು ಬಡ್ಡಿ ಹೇಗೆ ಲೆಕ್ಕ ಹಾಕಬೇಕು, ಖಾತೆ ಹೇಗೆ ತೆರೆಯಬೇಕು ಎಂಬುದನ್ನಷ್ಟೇ ಬರೆಯುತ್ತಾರೆ. ಒಂದೇ ಸಲ ಸಾವಿರ ಜನ ಬಂದರೆ ಸಾಲಿನಲ್ಲಿ ನಿಲ್ಲಿಸುವುದು, ಬಂದವರು ಯಾರು ಎಂದು ಬಾಗಿಲಲ್ಲಿ ವಿಚಾರಿಸುವುದು, ದತ್ತಾಂಶ ಇರುವ ಡೇಟಾಬೇಸ್‌ಗೆ ದಾರಿ ಕೊಡುವುದು, ಇವೆಲ್ಲ ಸರ್ವರ್ ಮಾಡುತ್ತದೆ.

ಊಟದ ಹಾಲ್‌ನಲ್ಲಿ 500 ಜನಕ್ಕೆ 500 ತಟ್ಟೆ ಇರುವುದಿಲ್ಲ. 100 ಇರುತ್ತವೆ, ಒಂದು ಪಂಕ್ತಿ ಎದ್ದಮೇಲೆ ತೊಳೆದು ಮುಂದಿನ ಪಂಕ್ತಿಗೆ ಹಾಕುತ್ತಾರೆ. ಡೇಟಾಬೇಸ್ ಸಂಪರ್ಕಗಳನ್ನು ಸರ್ವರ್ ಹೀಗೇ ತಿರುಗಿಸಿ ಬಳಸುತ್ತದೆ. ಅದಕ್ಕೆ ಕನೆಕ್ಷನ್ ಪೂಲ್ ಎನ್ನುತ್ತಾರೆ. ತಟ್ಟೆ ತೆಗೆದುಕೊಂಡವರು ವಾಪಸ್ ಕೊಡದೆ ಕುಳಿತರೆ ಹೊರಗಿನವರು ಕಾಯುತ್ತಲೇ ಇರುತ್ತಾರೆ. ಬ್ಯಾಂಕಿನ ಪುಟ ಸುತ್ತುತ್ತಾ ಸುತ್ತುತ್ತಾ ನಿಲ್ಲುವುದಕ್ಕೆ ಇದೂ ಒಂದು ಕಾರಣ ಎಂದು ಬಾಜಿ ಈಗ ಹೇಳುತ್ತಾಳೆ.

ಯಾವ ಮಹಲ್ ಏನೇನು ಕೊಡಲೇಬೇಕು ಎಂದು ಒಂದು ಪಟ್ಟಿ ಇದ್ದರೆ ಎಷ್ಟು ಚೆಂದ! ಈ ಮಹಲ್ ಸಿಗದಿದ್ದರೆ ಆ ಮಹಲ್‌ಗೆ ಮದುವೆ ಸಾಗಿಸಬಹುದು. ಜಾವಾ ಲೋಕದಲ್ಲಿ ಅಂಥ ಪಟ್ಟಿ ಇದೆ. ಜಾವಾ ಮಾಡಿದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1999ರ ಕೊನೆಯಲ್ಲಿ ಅದನ್ನು ಜೆ2ಇಇ ಎಂಬ ಹೆಸರಿನಲ್ಲಿ ಹೊರತಂದಿತು. ಆ ಪಟ್ಟಿಯಂತೆ ಬೇರೆ ಬೇರೆಯವರು ಸರ್ವರ್ ಕಟ್ಟಿದರು. ಐಬಿಎಂನ ವೆಬ್‌ಸ್ಫಿಯರ್, ಈಗ ಒರಾಕಲ್ ಬಳಿ ಇರುವ ವೆಬ್‌ಲಾಜಿಕ್, ರೆಡ್‌ಹ್ಯಾಟ್‌ನ ಜೆಬಾಸ್, ಸನ್‌ನವರೇ ಮಾಡಿದ ಗ್ಲಾಸ್‌ಫಿಶ್ ಹೀಗೆ. ಟಾಮ್‌ಕ್ಯಾಟ್ ಎಂಬುದೂ ಒಂದಿದೆ, ಅದು ಚಿಕ್ಕ ಹಾಲ್. ವೇದಿಕೆ, ಕುರ್ಚಿ ಕೊಡುತ್ತದೆ, ಅಡುಗೆಮನೆ ಇಲ್ಲ. ಬೇಕಾದ್ದನ್ನು ಹೊರಗಿನಿಂದ ತರಬೇಕು. ಚಿಕ್ಕ ಮದುವೆಗೆ ಅಷ್ಟೇ ಸಾಕು, ಅದಕ್ಕೇ ಬಹಳ ಜನ ಅದನ್ನೇ ಬಳಸುತ್ತಾರೆ. ಈಚೆಗೆ ಸ್ಪ್ರಿಂಗ್ ಬೂಟ್ ಎಂಬುದು ಬಂದಿದೆ. ಅದರಲ್ಲಿ ಮಹಲ್ ಹುಡುಕುವುದೇ ಇಲ್ಲ, ಮದುವೆಯವರೇ ಶಾಮಿಯಾನ ಕಟ್ಟಿಕೊಂಡು ಹೋಗುತ್ತಾರೆ. ಪ್ರೋಗ್ರಾಮಿನ ಹೊಟ್ಟೆಯೊಳಗೇ ಟಾಮ್‌ಕ್ಯಾಟ್ ಕುಳಿತಿರುತ್ತದೆ.

ಇದೆಲ್ಲ ಅಮೆರಿಕದ ಮಾತು ಅಂದುಕೊಳ್ಳಬೇಡಿ. ಬೆಂಗಳೂರಿನ ಇನ್ಫೋಸಿಸ್‌ನವರ ಫಿನಾಕಲ್ ಎಂಬ ಬ್ಯಾಂಕ್ ಸಾಫ್ಟ್‌ವೇರ್ ಇಂಥ ಜಾವಾ ಸರ್ವರ್ ಮೇಲೆ ಓಡುತ್ತದೆ. ಅದನ್ನು ಎಷ್ಟೋ ದೇಶಗಳ ಬ್ಯಾಂಕುಗಳು ಬಳಸುತ್ತವೆ. ಸನ್‌ಗೂ ಐಬಿಎಂಗೂ ನಮ್ಮ ಊರಿನಲ್ಲೇ ಎಂಜಿನಿಯರಿಂಗ್ ಕೇಂದ್ರಗಳಿದ್ದವು. ನಾವು ಪಾಸ್‌ಬುಕ್ ಹಿಡಿದು ಕೌಂಟರ್ ಮುಂದೆ ನಿಂತಾಗ ಗುಮಾಸ್ತರು ಒತ್ತುವ ಕೀಲಿಯ ಆ ಕಡೆ ಇಂಥದ್ದೊಂದು ಮಹಲ್ ಇರುತ್ತದೆ.

ಈಗ ಪುಸ್ತಕಕ್ಕೆ ಬರುತ್ತೇನೆ. ಮುಖಪುಟದ ಮೇಲಿನ ಹೆಸರೇ ಅದರ ವಯಸ್ಸು ಹೇಳುತ್ತದೆ. ಒಂದು ಹಳೇ ಪಠ್ಯಪುಸ್ತಕದ ಮೇಲೆ ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರ್‌ಗಿಂತ ಹಿಂದಿನದು ಎಂದು ಹೇಳಬಹುದಲ್ಲ, ಹಾಗೆ. ‘ಜೆ2ಇಇ’ ಎಂದಿದ್ದರೆ ಬಹುಮಟ್ಟಿಗೆ 2006ಕ್ಕಿಂತ ಹಳೆಯದು. ಆ ವರ್ಷ ಐದನೇ ಆವೃತ್ತಿ ಬಂದಾಗ ಹೆಸರನ್ನು ‘ಜಾವಾ ಇಇ’ ಎಂದು ಬದಲಿಸಿದರು. ಹೆಸರು ಮಾತ್ರ ಅಲ್ಲ, ಬರೆಯುವ ರೀತಿಯೂ ಬದಲಾಯಿತು. ಅದಕ್ಕೆ ಮುಂಚೆ ಒಂದು ಚಿಕ್ಕ ಕೆಲಸಕ್ಕೆ ಮೂರು ನಾಲ್ಕು ಕಡತ ಬರೆಯಬೇಕಿತ್ತು, ಆಮೇಲೆ ಒಂದರ ನೆತ್ತಿಯ ಮೇಲೆ ಒಂದು ಗುರುತು ಹಾಕಿದರೆ ಸಾಕಾಯಿತು. ಬಾಜಿ ಎರಡು ರಾತ್ರಿ ಹೋರಾಡಿದ್ದು ಆ ಹಳೇ ಕಷ್ಟದ ಜೊತೆ.

ಸನ್ ಕಂಪನಿಯನ್ನು ಒರಾಕಲ್ 2010ರಲ್ಲಿ ಕೊಂಡಿತು. 2017ರಲ್ಲಿ ಈ ಪಟ್ಟಿಯನ್ನೆಲ್ಲ ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸುವ ನಿರ್ಧಾರ ಮಾಡಿತು, ಆದರೆ ಜಾವಾ ಎಂಬ ಹೆಸರನ್ನು ಕೊಡಲಿಲ್ಲ. ಹೆಸರಿನ ಮೇಲಿನ ಹಕ್ಕು ಅವರದು. (ಬಿಸಿನೆಸ್ ಸ್ಟಡೀಸ್‌ನಲ್ಲಿ ಟ್ರೇಡ್‌ಮಾರ್ಕ್ ಪಾಠ ಓದುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.) ಆದ್ದರಿಂದ 2018ರಲ್ಲಿ ‘ಜಕಾರ್ತಾ ಇಇ’ ಎಂಬ ಹೊಸ ಹೆಸರು ಬಂತು. 2020ರಲ್ಲಿ ಬಂದ ಒಂಬತ್ತನೇ ಆವೃತ್ತಿಯಲ್ಲಿ ಪ್ರೋಗ್ರಾಮಿನ ಒಳಗಿನ ಹೆಸರುಗಳೂ ಬದಲಾದವು. ಮೊದಲು ಪ್ರೋಗ್ರಾಮಿನ ಮೇಲ್ಭಾಗದಲ್ಲಿ ‘ಜಾವಾಎಕ್ಸ್’ ಎಂದು ಶುರುವಾಗುತ್ತಿದ್ದ ಸಾಲುಗಳು ‘ಜಕಾರ್ತಾ’ ಎಂದು ಶುರುವಾಗತೊಡಗಿದವು. ಎಲ್ಲವೂ ಅಲ್ಲ, ಮೂಲ ಜಾವಾಕ್ಕೆ ಸೇರಿದ ಕೆಲವು ಹಾಗೇ ಉಳಿದಿವೆ. ಆದರೆ ಸರ್ವರ್‌ಗೆ ಸೇರಿದವು ಬದಲಾದವು. ಟಾಮ್‌ಕ್ಯಾಟ್ 9ಕ್ಕೆ ಹಳೇ ಹೆಸರು ಬೇಕು, ಟಾಮ್‌ಕ್ಯಾಟ್ 10ಕ್ಕೆ ಹೊಸದು. ಒಂದು ಪದದ ವ್ಯತ್ಯಾಸಕ್ಕೆ ಇಡೀ ಪ್ರೋಗ್ರಾಮ್ ಏಳುವುದಿಲ್ಲ. ಅಂಗಡಿಯಲ್ಲಿ ನಿಂತು ಯಾವುದಾದರೂ ಪುಟದ ಪ್ರೋಗ್ರಾಮಿನ ಮೊದಲ ನಾಲ್ಕು ಸಾಲು ನೋಡಿ. ಒಂದು ನಿಮಿಷದ ಕೆಲಸ. ನಾನು ಮಾಡಲಿಲ್ಲ.

ಹಾಗಾದರೆ ಎಲ್ಲಕ್ಕಿಂತ ಹೊಸ ಪುಸ್ತಕ ತಂದರೆ ಸರಿಯೇ? ನಾನೂ ಹಾಗೇ ತಿಳಿದೆ. ಐದನೇ ದಿನ ನಮ್ಮ ಕಾಲೇಜಿನ ಒಬ್ಬ ಮೇಡಂ ಹತ್ತಿರ ಕೇಳಿದೆ. ಅವರು ಪುಸ್ತಕದ ಮಾತೇ ಎತ್ತದೆ, “ನಿಮ್ಮ ಬಾಜಿ ಅಲ್ಲಿ ಪ್ರೋಗ್ರಾಮ್ ಬರೆಯಬೇಕೋ, ಬರೆದದ್ದನ್ನು ಓಡಿಸಿ ಕಾಯಬೇಕೋ? ಅವರ ಆಫೀಸಿನಲ್ಲಿ ಇರುವುದು ಯಾವ ಸರ್ವರ್, ಎಷ್ಟನೇ ಆವೃತ್ತಿ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಬಾಜಿಗೂ ಗೊತ್ತಿರಲಿಲ್ಲ. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಎಂದು ಅವಳು ಕೇಳಿರಲಿಲ್ಲ. ನಾನು ಬಹಳ ಒತ್ತಾಯ ಮಾಡಿದ ಮೇಲೆ ಅವಳು ಆ ಹಿರಿಯರಿಗೇ ಒಂದು ಮೆಸೇಜ್ ಕಳಿಸಿದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು. ಜೆಬಾಸ್‌ನ ಏಳನೇ ಆವೃತ್ತಿ, ಕೆಲಸ ಕಾಯುವುದು. ಜೊತೆಗೆ, “ಒಳ್ಳೆಯ ಪ್ರಶ್ನೆ” ಎಂದೂ ಬರೆದಿದ್ದರು.

ಜೆಬಾಸ್ 7 ಹಳೇ ಹೆಸರಿನ ಕಾಲದ್ದು, ‘ಜಾವಾಎಕ್ಸ್’ ಗುಂಪಿನದು. ಅಂದರೆ ಹೊಸ ಜಕಾರ್ತಾ ಪುಸ್ತಕ ತಂದಿದ್ದರೂ ಬಾಜಿಗೆ ಮತ್ತೆ ಕೆಂಪು ಅಕ್ಷರವೇ ಗತಿಯಾಗುತ್ತಿತ್ತು! ಬ್ಯಾಂಕುಗಳು ಓಡುತ್ತಿರುವ ವ್ಯವಸ್ಥೆಯನ್ನು ಬೇಗ ಬದಲಿಸುವುದಿಲ್ಲ. ಅವಳಿಗೆ ಬೇಕಾದದ್ದು ತೀರ ಹಳೆಯದೂ ಅಲ್ಲ, ತೀರ ಹೊಸದೂ ಅಲ್ಲ, ನಡುವಿನದು. ಆಂಟೋನಿಯೊ ಗೊನ್ಸಾಲ್ವಿಸ್ ಎಂಬುವರು ಬರೆದ ‘ಬಿಗಿನಿಂಗ್ ಜಾವಾ ಇಇ 7’ ಎಂಬ 2013ರ ಪುಸ್ತಕ ಆ ಕಾಲಕ್ಕೆ ಸರಿ ಹೊಂದುತ್ತದೆ. ಅದು ಬಾಜಿಯ ಆಫೀಸಿನ ಕಪಾಟಿನಲ್ಲೇ ಇತ್ತು. ಕೇಳಿದ್ದಕ್ಕೆ ಕೊಟ್ಟರು. ಅದರಲ್ಲಿ ಗ್ಲಾಸ್‌ಫಿಶ್ ಮೇಲೆ ಪ್ರಯೋಗ ಮಾಡಿಸುತ್ತಾರೆ, ಆದರೂ ಪಟ್ಟಿ ಒಂದೇ ಆದ್ದರಿಂದ ವಿಷಯ ಒಂದೇ. ಇದು ಬರೆಯುವವರಿಗಾಗಿ ಇರುವ ಪುಸ್ತಕ, ಕಾಯುವವರಿಗಲ್ಲ. ಸರ್ವರ್ ಎಬ್ಬಿಸುವುದು, ಮಲಗಿಸುವುದು, ಲಾಗ್ ಓದುವುದು ಇವಕ್ಕೆ ಜೆಬಾಸ್‌ನವರೇ ಕೊಡುವ ಕೈಪಿಡಿ ಓದಬೇಕು, ಅದು ದುಡ್ಡಿಲ್ಲದೆ ಸಿಗುತ್ತದೆ. ಬಾಜಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡಳು.

ಉಳಿದ 250 ರೂಪಾಯಿಗೆ ಚರ್ಚ್ ಸ್ಟ್ರೀಟ್‌ನ ಒಂದು ಹಳೇ ಪುಸ್ತಕದಂಗಡಿಯಲ್ಲಿ ‘ಹೆಡ್ ಫಸ್ಟ್ ಸರ್ವ್‌ಲೆಟ್ಸ್ ಆ್ಯಂಡ್ ಜೆಎಸ್‌ಪಿ’ ಸಿಕ್ಕಿತು. ಬ್ರಯಾನ್ ಬಾಶಮ್, ಕ್ಯಾಥಿ ಸಿಯೆರ್ರಾ, ಬರ್ಟ್ ಬೇಟ್ಸ್ ಬರೆದದ್ದು, 2008ರ ಎರಡನೇ ಆವೃತ್ತಿ. ಬಹಳ ಕಡೆ ಹಳೆಯದಾಗಿದೆ. ಆದರೆ ಬ್ರೌಸರ್‌ನಿಂದ ಒಂದು ಕೋರಿಕೆ ಹೊರಟು ಸರ್ವರ್ ಒಳಗೆ ಎಲ್ಲೆಲ್ಲಿ ಹೋಗಿ ಹೇಗೆ ವಾಪಸ್ ಬರುತ್ತದೆ ಎಂಬುದನ್ನು ಚಿತ್ರ ಬರೆದು, ತಮಾಷೆ ಮಾಡಿ ಹೇಳಿಕೊಡುತ್ತದೆ. ಕಾಮರ್ಸ್‌ನವನಾದ ನನಗೇ ಅರ್ಥವಾಯಿತು ಎಂದರೆ ನೋಡಿ. ಅದರ ಮೊದಲ ದೊಡ್ಡ ಅಭ್ಯಾಸ ಯಾವುದು ಗೊತ್ತೇ? ಬಣ್ಣ ಆರಿಸಿದರೆ ಯಾವ ಬಿಯರ್ ಕುಡಿಯಬೇಕು ಎಂದು ಸಲಹೆ ಕೊಡುವ ಪುಟ! ಅಮ್ಮಿ ಹಿಂದೆ ನಿಂತು ನೋಡುತ್ತಿದ್ದಾಗ ಬಾಜಿ ತಟ್ಟನೆ ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಅದನ್ನು ಚಹಾ ಎಂದು ಬದಲಿಸಿಕೊಂಡಳು. ತಿಳಿ ಬಣ್ಣಕ್ಕೆ ಸುಲೈಮಾನಿ, ಗಾಢ ಬಣ್ಣಕ್ಕೆ ಅಬ್ಬಾ ಟೈಲರಿಂಗ್ ಅಂಗಡಿಯಲ್ಲಿ ದಿನಕ್ಕೆ ಆರು ಸಲ ಕುಡಿಯುವ ಕಡಕ್ ಚಹಾ. ಅಭ್ಯಾಸವನ್ನು ಹಾಗೇ ನಕಲು ಮಾಡದೆ ಬದಲಿಸಿದ್ದರಿಂದಲೇ ಅದು ಚೆನ್ನಾಗಿ ತಲೆಗೆ ಹೋಯಿತು ಎನ್ನುತ್ತಾಳೆ.

ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಇನ್ನೊಂದು. ಇಂಥ ಪುಸ್ತಕದ ಒಂದು ಅಧ್ಯಾಯ ನಮ್ಮದು, ಕಾಮರ್ಸ್‌ನವರದು. ಅದರ ಹೆಸರು ಟ್ರಾನ್ಸಾಕ್ಷನ್. ಬಾಜಿಗೆ ಕಷ್ಟವಾದದ್ದೂ ಅದೇ, ನಾನು ಹೇಳಿಕೊಟ್ಟದ್ದೂ ಅದೇ.

ಬಾಜಿಯ ಖಾತೆಯಿಂದ ಅಮ್ಮಿಯ ಖಾತೆಗೆ 2000 ರೂಪಾಯಿ ಹೋಗಬೇಕು. ಕಂಪ್ಯೂಟರ್‌ಗೆ ಇದು ಎರಡು ಕೆಲಸ. ಒಂದು ಕಡೆ ಕಳೆಯಬೇಕು, ಇನ್ನೊಂದು ಕಡೆ ಕೂಡಬೇಕು. ಕಳೆದಾದ ಮೇಲೆ, ಕೂಡುವ ಮುಂಚೆ ಯಂತ್ರ ಬಿದ್ದರೆ? 2000 ರೂಪಾಯಿ ಎಲ್ಲೂ ಇಲ್ಲದಂತಾಗುತ್ತದೆ. ನಾವು ಅಕೌಂಟೆನ್ಸಿಯಲ್ಲಿ ಮೊದಲ ವಾರವೇ ಕಲಿತದ್ದು, ಪ್ರತಿ ಡೆಬಿಟ್‌ಗೂ ಸಮನಾದ ಕ್ರೆಡಿಟ್ ಇರಲೇಬೇಕು ಎಂದು. ಲೂಕಾ ಪಚಿಯೋಲಿ ವೆನಿಸ್‌ನಲ್ಲಿ 1494ರಲ್ಲಿ ಅಚ್ಚು ಹಾಕಿಸಿದ ಜೋಡಿ ನಮೂದಿನ ನಿಯಮ ಅದೇ. ಅರ್ಧ ನಮೂದು ಎಂಬುದು ಇಲ್ಲ. ಸರ್ವರ್ ಕೂಡ ಹಾಗೇ ಮಾಡುತ್ತದೆ. ಎರಡೂ ಆದರೆ ಪಕ್ಕಾ ಎಂದು ಬರೆಯುತ್ತದೆ, ಅದು ಕಮಿಟ್. ಒಂದು ಆಗದಿದ್ದರೂ ಇನ್ನೊಂದನ್ನೂ ಅಳಿಸಿ ಮೊದಲಿದ್ದಂತೆ ಮಾಡುತ್ತದೆ, ಅದು ರೋಲ್‌ಬ್ಯಾಕ್. ನಾವಾದರೆ ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ಹಾಕಿ ಆಮೇಲೆ ಹುಡುಕುತ್ತೇವೆ. ಸರ್ವರ್‌ಗೆ ಇಲ್ಲಿ ಆ ಸಲಿಗೆ ಇಲ್ಲ.

ಎರಡು ಖಾತೆ ಎರಡು ಬೇರೆ ಡೇಟಾಬೇಸ್‌ನಲ್ಲಿದ್ದರೆ ಇನ್ನೂ ಕಷ್ಟ. ಆಗ ಸರ್ವರ್ ನಿಕಾಹ್ ಓದಿಸುವ ಖಾಜಿಯಂತೆ ನಡೆಯುತ್ತದೆ. ಮೊದಲು ಇಬ್ಬರ ಒಪ್ಪಿಗೆಯನ್ನೂ ಕೇಳುತ್ತಾರೆ. ಇಬ್ಬರೂ ಕುಬೂಲ್ ಎಂದಮೇಲಷ್ಟೇ ನಿಕಾಹ್ ಆಯಿತು ಎನ್ನುತ್ತಾರೆ. ಒಬ್ಬರು ಒಪ್ಪದಿದ್ದರೂ ನಿಕಾಹ್ ಇಲ್ಲ, ಅರ್ಧ ನಿಕಾಹ್ ಎಂಬುದೂ ಇಲ್ಲ. ಸರ್ವರ್ ಕೂಡ ಎರಡೂ ಡೇಟಾಬೇಸ್‌ಗೆ ಮೊದಲು “ಸಿದ್ಧವೇ?” ಎಂದು ಕೇಳಿ, ಎರಡೂ ಹೌದು ಎಂದಮೇಲೆ ಎರಡನೇ ಸುತ್ತಿನಲ್ಲಿ “ಬರೆಯಿರಿ” ಎನ್ನುತ್ತದೆ. ಎರಡು ಹಂತದ ಕಮಿಟ್ ಎಂದು ಅದರ ಹೆಸರು. ಇದನ್ನು ಹೇಳಿದಾಗ ಬಾಜಿ ಅರ್ಧ ಗಂಟೆ ನಗುತ್ತಿದ್ದಳು, ಆದರೆ ಮರೆಯಲಿಲ್ಲ.

ಹೀಗಾಗಿ ಯಾರಾದರೂ ನನ್ನನ್ನು ಕೇಳಿದರೆ, ಆಫೀಸಿನ ಆವೃತ್ತಿ ತಿಳಿದುಕೊಂಡ ಮೇಲೆ, ಅಂಗಡಿಯಲ್ಲಿ ಮೊದಲು ಟ್ರಾನ್ಸಾಕ್ಷನ್ ಅಧ್ಯಾಯ ತೆರೆದು ನಿಂತಲ್ಲೇ ಎರಡು ಪುಟ ಓದಿ ಎನ್ನುತ್ತೇನೆ. ಯಂತ್ರ ನಡುವೆ ಬಿದ್ದರೆ ಏನಾಗುತ್ತದೆ ಎಂದು ಆ ಲೇಖಕರು ಹೇಳಿದ್ದಾರೆಯೇ ನೋಡಿ. ಬರೀ “ಈ ಸಾಲು ಬರೆಯಿರಿ, ಆ ಗುಂಡಿ ಒತ್ತಿರಿ” ಎಂದಿದ್ದರೆ ಆ ಪುಸ್ತಕ ಮುಂದಿನ ಆವೃತ್ತಿ ಬಂದ ದಿನ ಸಾಯುತ್ತದೆ. ಪರದೆಯ ಚಿತ್ರಗಳೇ ತುಂಬಿರುವ ಪುಸ್ತಕಕ್ಕೆ ನಾನಂತೂ ದುಡ್ಡು ಕೊಡುವುದಿಲ್ಲ.

ನಮ್ಮ 2002ರ ಇಟ್ಟಿಗೆಯ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಪರೀಕ್ಷೆಗೆ ಮೂರು ದಿನ ಇರುವಾಗ ಸುಮ್ಮನೆ ಅದರ ಟ್ರಾನ್ಸಾಕ್ಷನ್ ಅಧ್ಯಾಯ ತೆಗೆದು ನೋಡಿದೆ. ಆಜ್ಞೆಗಳೆಲ್ಲ ಕೆಲಸಕ್ಕೆ ಬಾರದವು. ಆದರೆ ಎರಡು ಹಂತದ ಕಮಿಟ್ ಬಗ್ಗೆ ಇದ್ದ ಹನ್ನೆರಡು ಪುಟದ ವಿವರಣೆ ನಾವು ಓದಿದ ಮೂರರಲ್ಲೂ ಅತಿ ಸ್ಪಷ್ಟವಾಗಿತ್ತು. ಒಪ್ಪಿಕೊಂಡ ಮೇಲೆ ಒಂದು ಡೇಟಾಬೇಸ್ ಬಿದ್ದು ಮತ್ತೆ ಎದ್ದರೆ ಲಾಗ್ ಓದಿಕೊಂಡು ಹೇಗೆ ಕೆಲಸ ಮುಗಿಸುತ್ತದೆ ಎಂಬುದು ನಮಗೆ ಗೊತ್ತಾಗಿದ್ದೇ ಅದರಿಂದ.

ಬಾಜಿಯನ್ನು ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು ತಟ್ಟೆಯ ಲೆಕ್ಕದ್ದು, ಅಂದರೆ ಕನೆಕ್ಷನ್ ಪೂಲ್ ತುಂಬಿದರೆ ಏನು ಮಾಡುತ್ತೀ ಎಂದು. ಇನ್ನೊಂದು, ಡೆಬಿಟ್ ಆಗಿ ಕ್ರೆಡಿಟ್ ಆಗುವ ಮುಂಚೆ ಸರ್ವರ್ ನಿಂತರೆ ಗ್ರಾಹಕನಿಗೆ ಏನು ಹೇಳುತ್ತೀ ಎಂದು. ಎರಡಕ್ಕೂ ಹೇಳಿದಳು. ಕ್ಲಸ್ಟರ್ ಬಗ್ಗೆ ಕೇಳಿದ್ದಕ್ಕೆ ಗೊತ್ತಿಲ್ಲ ಎಂದಳಂತೆ. ಸೆಪ್ಟೆಂಬರ್‌ನಿಂದ ಬೆಳಿಗ್ಗೆ ಎಂಟಕ್ಕೆ ಮನೆ ಬಿಡುತ್ತಿದ್ದಾಳೆ. ಅಮ್ಮಿ ರಾತ್ರಿ ಹತ್ತೂವರೆಗೆ ಮಲಗುತ್ತಾರೆ.

ಆ ದಪ್ಪ ಪುಸ್ತಕವೂ ಹೆಡ್ ಫಸ್ಟ್ ಪುಸ್ತಕವೂ ಈಗ ನನ್ನ ಬಳಿ ಇವೆ. ಅಣ್ಣನಿಗೋ ಅಕ್ಕನಿಗೋ ಬೇಕಾದವರು ಎರಡನೇ ಪಿಯುಸಿ ಕಾಮರ್ಸ್ ಬಿ ವಿಭಾಗಕ್ಕೆ ಬಂದು ಕೇಳಬಹುದು. 15 ದಿನಕ್ಕೆ ವಾಪಸ್ ಕೊಡಬೇಕು. ಬಿಯರ್ ಪುಟದ ಪಕ್ಕದಲ್ಲಿ ಬಾಜಿ ಪೆನ್ಸಿಲ್‌ನಲ್ಲಿ ಚಹಾದ ಪಟ್ಟಿ ಬರೆದಿದ್ದಾಳೆ, ಅದನ್ನು ಅಳಿಸಬೇಡಿ.